ಒಂದು ಗಂಟೆ ಹತ್ತು ನಿಮಿಷ

ನಾಲ್ಕು ವರ್ಷದಿಂದ ಅದು ಶೆಡ್ಡಿನಲ್ಲಿ
ಒದ್ದೆ ಕಾಲುಚೀಲ ಹೊತ್ತು ನಿಂತಿತ್ತು.
ಹ್ಯಾಂಡಲ್ಲಿನ ಎಡಗಡೆ ಮಾಬ್ಲಿಯದು, ಬಲಗಡೆ ಗೆಥಿನನದು,
ಸೀಟಿನ ಮೇಲೆ ಈವೋರನ ರಾತ್ರಿಪಾಳಿಯ ಅಂಗಿ.
ಸೈಕಲ್ಲೆಂಬ ಹೆಸರು ಹೋಗಿ
'ಒಣಹಾಕೋದು' ಎಂದಾಗಿತ್ತು ಮನೆಮಂದಿಯ ಬಾಯಲ್ಲಿ,
ನನ್ನ ಬಾಯಲ್ಲೂ.

ನಮ್ಮೂರ ಸುತ್ತ ನಿಂತಿರುವುದು ಬೆಟ್ಟದ ಕಸ.
ಅಜ್ಜ ಗಣಿಯಲ್ಲಿ ಉಳಿ ಹಿಡಿದು ಕಲ್ಲು ಸೀಳಿದವನು:
ಹತ್ತು ಚಪ್ಪಡಿಗೆ ಒಂದು ಸೂರಿಗೆ, ಇಲ್ಲವೇ ಮಕ್ಕಳ ಸ್ಲೇಟಿಗೆ,
ಉಳಿದ ಒಂಬತ್ತು ಗುಡ್ಡೆಗೆ.
ವೇಲ್ಸಿನ ಮಳೆ ಆ ಗುಡ್ಡೆಯನ್ನು ದಿನವೂ ಒರೆಸುತ್ತದೆ
ಯಾರೂ ಏನೂ ಬರೆಯದಿದ್ದರೂ.

ನನ್ನ ವಾರದ ಲೆಕ್ಕವೂ ಅಷ್ಟೇ ಎಂದುಕೊಳ್ಳುತ್ತಿದ್ದೆ
ಊಟದ ಡಬ್ಬಿ ತುಂಬುವಾಗ, ಹೇನು ಹೆಕ್ಕುವಾಗ,
ಔಷಧದಂಗಡಿಯ ಕೌಂಟರಿನ ಹಿಂದೆ ಕೂತು
ಪರರ ಕೆಮ್ಮಿಗೆ ಚೀಟಿ ಅಂಟಿಸುವಾಗ.
ಎಂದುಕೊಳ್ಳಲಿಕ್ಕೂ ಪುರಸೊತ್ತು ಬೇಕಲ್ಲ,
ಅರ್ಧಕ್ಕೇ ಯಾರಾದರೂ "ಅಮ್ಮಾ" ಎನ್ನುತ್ತಿದ್ದರು.

ಶನಿವಾರ. ಯಾರದೋ ಏಳನೇ ಹುಟ್ಟುಹಬ್ಬ.
ಚರ್ಚಿನ ಹಜಾರದಲ್ಲಿ ಮಕ್ಕಳನ್ನು ಬಲೂನಿನ ಗದ್ದಲಕ್ಕೆ ಒಪ್ಪಿಸಿದೆ.
ಹನ್ನೆರಡೂ ಹತ್ತಕ್ಕೆ ಬನ್ನಿ ಎಂದಳು ಆ ತಾಯಿ.
ಗಡಿಯಾರ ನೋಡಿದೆ. ಹನ್ನೊಂದು.
ಮನೆಯಲ್ಲಿ ಈವೋರನ ಗೊರಕೆ. ಕಿಸೆಯಲ್ಲಿ ಚೀಟಿ:
ಹಾಲು, ಬಲ್ಬು, ಹೇನಿನ ಶಾಂಪೂ, ಹಾಲು.
ಹೌದು, ಎರಡು ಸಲ ಬರೆದಿದ್ದೆ.

ಅಂಗಡಿಗೆಂದೇ ಹೊರಟದ್ದು. ಕಾಲು ಶೆಡ್ಡಿಗೆ ಹೋಯಿತು.
ಕಾಲುಚೀಲಗಳನ್ನು ಒಂದೊಂದಾಗಿ ಬಿಡಿಸಿದೆ,
ಮಲಗಿದ ಮಗುವಿನ ಮೈಯಿಂದ ಸ್ವೆಟರು ತೆಗೆಯುವ ಹಾಗೆ.
ಗಾಳಿ ಹೊಡೆದೆ. ಸರಪಳಿಗೆ ಅಡುಗೆ ಎಣ್ಣೆ ಬಿಟ್ಟೆ,
ಗೊತ್ತು, ತಪ್ಪು. ಬೈಯುವವನು ಮಲಗಿದ್ದ.

ಏರು. ಅಯ್ಯೋ ಆ ಏರು.
ಮೊದಲ ತಿರುವಿಗೇ ಎದೆ ತಿದಿಯಾಯಿತು, ತೊಡೆಗೆ ಬೆಂಕಿ.
ಒಂದು ಕುರಿ ಮೇಯುವುದ ನಿಲ್ಲಿಸಿ ನೋಡಿತು,
ಪಾಪ ಎನ್ನುವಂತೆ.
ಇಳಿದು ತಳ್ಳಿದೆ. ನಾಚಿಕೆಯಾಗಲಿಲ್ಲ.
ಸುಳ್ಳು, ಆಯಿತು.
ಇಪ್ಪತ್ತರಲ್ಲಿ ಇದೇ ದಾರಿಯನ್ನು
ಗುನುಗುತ್ತ ಹತ್ತಿದ ಹುಡುಗಿ
ನನ್ನನ್ನು ಹಿಂದೆ ಹಾಕಿ ಹೋದಳು; ತಿರುಗಿ ನೋಡಲಿಲ್ಲ.

ಮೇಲೆ ಮಂಜು. ಕೆಳಗೊಂದು ಊರಿತ್ತೆಂಬುದಕ್ಕೆ
ಪುಟ್ಟ ರೈಲಿನ ಸಿಳ್ಳೊಂದೇ ಸಾಕ್ಷಿ.
ಹನ್ನೊಂದೂ ನಲವತ್ತೇಳು.
ಸೀಟು ತಗ್ಗಿಸಿ, ಉಸಿರು ಹಿಡಿದು,
ಬ್ರೇಕು ಬಿಟ್ಟೆ.

ಚೂರುಕಲ್ಲುಗಳು ಚಕ್ರದಡಿ ಒಮ್ಮೆಲೇ ಮಾತಾಡಿದವು
ಲಟಲಟ ಚಟಪಟ
ಅಜ್ಜಿಯ ಪಿಂಗಾಣಿ ಕಪಾಟೇ ಉರುಳಿಬಿದ್ದಂತೆ.
ಮೊಣಕೈ ಮರೆತಿರಲಿಲ್ಲ. ಮೊಣಕಾಲು ಮರೆತಿರಲಿಲ್ಲ.
ಎಲ್ಲಿ ನೋಡುತ್ತೀಯೋ ಅಲ್ಲಿಗೇ ಹೋಗುತ್ತೀ ಎಂಬ ಹಳೆಯ ಪಾಠವನ್ನು
ಕಣ್ಣು ತಾನೇ ಒಪ್ಪಿಸಿತು,
ಕಲ್ಲು ಬಿಟ್ಟು ಕಲ್ಲಿನಾಚೆಯ ಗೇಣಗಲ ನೆಲ ನೋಡುತ್ತ.
ಆ ಗೇಣಿನಲ್ಲಿ ಹಾಲಿಲ್ಲ, ಬಲ್ಬಿಲ್ಲ,
ಯಾರ ತಾಯಿಯೂ ಇಲ್ಲ,
ಬೇರು, ತಿರುವು, ನೀರು, ಹಾರು!
ಎರಡೂ ಚಕ್ರ ನೆಲ ಬಿಟ್ಟ ಅಷ್ಟೊತ್ತಿನಲ್ಲಿ
ಯಾರೋ ಗಟ್ಟಿಯಾಗಿ ನಕ್ಕರು.
ಸುತ್ತ ಕುರಿಗಳಷ್ಟೇ ಇದ್ದವು.

ಕೊನೆಯ ತಿರುವಿನಲ್ಲಿ ಬಿದ್ದೆ, ಅದೂ ಹೇಳಬೇಕು.
ಜರಿಗಿಡದ ಮೇಲೆ, ಅಂಗಾತ, ಹೆಚ್ಚೇನಿಲ್ಲ.
ಬಾಯಲ್ಲಿ ಮಣ್ಣು, ತುಸು ಕಬ್ಬಿಣದ ರುಚಿ.
ನಾಲಗೆಯಲ್ಲೇ ಹಲ್ಲೆಣಿಸಿದೆ: ಇವೆ.

ಹಜಾರದ ಬಾಗಿಲಿಗೆ ಬಂದದ್ದು ಹನ್ನೆರಡೂ ಹದಿನಾಲ್ಕಕ್ಕೆ.
ಬೇರೆ ತಾಯಂದಿರು ಕೇಕಿನ ತಟ್ಟೆ ಎತ್ತಿ ದಾರಿ ಬಿಟ್ಟರು.
ಗೆಥಿನ್ ಕೇಳಿದ: "ಯಾರು ದೂಡಿದ್ದು?"
ಮಾಬ್ಲಿ ಏನೂ ಕೇಳಲಿಲ್ಲ.
ನನ್ನ ಬೆನ್ನ ಕೆಸರಿಗೆ ಬೆರಳು ಹಚ್ಚಿ
ಈಚೆಗೆ ಕಲಿತ ತನ್ನ ಹೆಸರು ಬರೆಯತೊಡಗಿದಳು,
ಒಂದಕ್ಷರ ತಿರುಗುಮುರುಗು.
ಅಲ್ಲಾಡಬೇಡ ಎಂದಳು.
ಅಲ್ಲಾಡಲಿಲ್ಲ.

ಸಂಜೆ ಚಹಾ ಕಪ್ಪಗಿತ್ತು.
ಕಿಸೆಯಲ್ಲಿ ಚೀಟಿ ನೆನೆದು ಮುದ್ದೆಯಾಗಿತ್ತು.
ಈವೋರ್ ಲೋಟ ಎತ್ತಿದ, ನನ್ನ ಮೊಣಕೈಯ ತರಚು ನೋಡಿದ,
ಒಂದು ಗುಟುಕು ಕುಡಿದು ಮುಖ ಹಿಂಡಿ ಕೇಳಿದ:
"ಹಾಗಾದರೆ ನನ್ನ ಅಂಗಿ ಇನ್ನು ಎಲ್ಲಿ ಹಾಕಲಿ?"